ಮಾರಿದ ಮೇಕೆಗೆ

ಬಿಹೊಗೊ,
ಹಸು ಕಟ್ಟುವ ಯೋಗವಿಲ್ಲವೆಂದು
ಹಸುವಿನ ಹೆಸರನ್ನು ನಿನಗಿಟ್ಟವನು ನನ್ನ ಗಂಡ.
ಜೂನ್ ಕೊನೆಯ ವಾರ ರುಬೆಂಗೆರಾ ಸಂತೆಗೆ
ನಿನ್ನ ಹೊಡೆದುಕೊಂಡು ಹೋದವಳು ನಾನು.

ತಿರುವಿನಲ್ಲಿ ಬಾರೆನೆಂದು ಕಾಲೂರಿದೆ,
ಹರಿದ ಕಿವಿ ನೊಣಕ್ಕೆ ಅಲುಗುತ್ತಿತ್ತು.
ಬೆನ್ನ ಮೇಲಿನ ಕೂಸು ನಿನ್ನ ನೋಡಿ ನಕ್ಕಿತು.
ನನಗೆ ನಗು ಬರಲಿಲ್ಲ, ಒಳಗೆ ಲೆಕ್ಕ ನಡೆದಿತ್ತು:
ತಲೆಗೆ ಮೂರು ಸಾವಿರ ಫ್ರಾಂಕ್,
ತಲೆ ಆರು.

ವಿಮೆ ಕಚೇರಿಯ ಗುಮಾಸ್ತ ಹೇಳಿದ್ದ
ಪೆನ್ನಿನ ಮುಚ್ಚಳ ಕಚ್ಚುತ್ತ:
"ಐದು ಜನರದು ಕಟ್ಟಿ ಆರನೆಯದು ಬಿಟ್ಟರೆ
ಐದೂ ಲೆಕ್ಕಕ್ಕಿಲ್ಲ ತಾಯಿ.
ಮನೆ ಅಂದರೆ ಪೂರ್ತಿ ಮನೆ."

ಗಸಾನಾ ಅಂದು ಉಣ್ಣಲಿಲ್ಲ.
"ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದು ಕೇಳಿದ್ದೆ,
ಕೆಮ್ಮು ಬರುವ ಮೊದಲೇ ಕಷಾಯ ಕೊಂಡವಳನ್ನು
ಇವತ್ತು ಕಂಡೆ" ಎಂದ
ಗೋಡೆಗೆ ಹೇಳುವಂತೆ.
ನಿನ್ನ ಗೂಟ ಕೀಳಲು ಬಿಡಲಿಲ್ಲ.
ಕತ್ತಲಲ್ಲಿ ಅದನ್ನು ಎಡವಿದವರೆಲ್ಲ
ನನ್ನನ್ನೇ ಬೈದರು.

ಬೀನ್ಸ್ ಹೂ ಬಿಟ್ಟ ಹೊತ್ತು, ಒಂದು ರಾತ್ರಿ
ಅವನ ಹೊಟ್ಟೆ ನಗಾರಿಯಂತೆ ಬಿಗಿಯಿತು.
ಕುಡಿದ ನೀರು ನಿಲ್ಲಲಿಲ್ಲ, ಬಡಬಡಿಕೆಯೂ ನಿಲ್ಲಲಿಲ್ಲ.
ಎಂದೋ ಸತ್ತ ತಾಯಿಯನ್ನು ಕರೆದು
ಚಾಪೆ ಹಾಸು ಎಂದ.
ಆಂಬುಲೆನ್ಸ್ ಬರುವ ರಸ್ತೆ ಗುಡ್ಡದ ಬುಡದಲ್ಲಿ.
ಅಟ್ಟದಿಂದ ಇಂಗೋಬಿ ಇಳಿಸಿದೆವು.
ಬಿದಿರಿನ ಡೋಲಿ ಅದು;
ಕೂಸನ್ನು ಬೆನ್ನಿಗೆ ಕಟ್ಟುವ ಬಟ್ಟೆಗೂ
ನಮ್ಮ ಮಾತಿನಲ್ಲಿ ಅದೇ ಹೆಸರು.

ಹೊರಲು ನಾಲ್ಕು ಹೆಗಲು ಬೇಕು.
ನೆರೆಯವರು ಇಬ್ಬರು ಬಂದರು.
ಹದಿನಾರರ ಹಿರಿಮಗ, ಮೂರು.
ಮೂರಕ್ಕೆ ಡೋಲಿ ಏಳಲಿಲ್ಲ.
ಕೂಸಿನ ಗಂಟು ಬಿಚ್ಚಿ ನಾನೇ ನಿಲ್ಲಬೇಕೆನ್ನುವಾಗ
ಬಾಳೆಸಾಲಿನ ಆಚೆ ಟಾರ್ಚು ಹೊತ್ತಿತು.
ಸೆಬುಹೊರೊ. ಗಂಡನ ಅಣ್ಣ.
ಅದೇ ಬಾಳೆಸಾಲಿಗಾಗಿ
ಮೂರು ವರ್ಷದಿಂದ ಮಾತು ಬಿಟ್ಟವನು.
ಈಗಲೂ ಆಡಲಿಲ್ಲ.
ಇಳಿಜಾರಿನ ಭಾರವೆಲ್ಲ ಬೀಳುವ ಮುಂದಿನ ಕೊನೆಗೆ
ಹೆಗಲಿಟ್ಟು, ಗಂಟಲು ಸರಿಮಾಡಿಕೊಂಡು,
ನಡೆದ.

ಕರುಳು ತಿರುಚಿದೆ ಎಂದರು ಡಾಕ್ಟರು,
ಬೆಳಗಿನವರೆಗೆ ಕಾಯುವಂತಿಲ್ಲ.
ಕಂಪ್ಯೂಟರಿನಲ್ಲಿ ನಮ್ಮ ಆರು ಹೆಸರೂ ಇದ್ದವು,
ಒಂದರ ಕೆಳಗೊಂದು, ಕೂಸಿನದೂ.
ಬಿಲ್ಲಿನ ಹತ್ತು ಪಾಲಿನಲ್ಲಿ ಒಂಬತ್ತು ನೀನು ತೆತ್ತೆ.
ಹತ್ತನೆಯದಕ್ಕೆ ನಿನ್ನ ಬಾಲವೂ ಉಳಿದಿರಲಿಲ್ಲ.
ಅದನ್ನು ವಾರಗಿತ್ತಿ ಮುಕಾಂಕುಸಿ
ಬಟ್ಟೆಯ ತುದಿಯ ಗಂಟಿನಿಂದ ಬಿಚ್ಚಿ ಕೊಟ್ಟಳು,
ಕಾಫಿಬೀಜ ಮಾರಿದ ದುಡ್ಡು, ಎಲ್ಲ ಚಿಲ್ಲರೆ.
ಹನ್ನೊಂದು ದಿನ ಜೋಳದ ಗಂಜಿ ಹೊತ್ತು ತಂದಳು.
ನನ್ನ ಕೈಯಡುಗೆ ಕಾಯಿಲೆಯವರಿಗಲ್ಲ,
ಗಟ್ಟಿಮುಟ್ಟಾದವರಿಗೂ ಕಷ್ಟವೇ ಎಂದಳು.
ತಪ್ಪೇನಿಲ್ಲ ಬಿಡು.

ಕೂಲಿಯಿಲ್ಲದ ಆ ಹನ್ನೊಂದು ದಿನಕ್ಕೆ
ಯಾವ ಕಾರ್ಡೂ ಇರಲಿಲ್ಲ.
ಮನೆಗೆ ಮರಳಿದಾಗ ಬೀನ್ಸ್ ಮಡಿಯ ಕಳೆ ಕಿತ್ತಿತ್ತು.
ಯಾರೆಂದು ಯಾರೂ ಹೇಳಲಿಲ್ಲ.

ಕಣ್ಣು ಬಿಟ್ಟವನು ಮೊದಲು ಕೇಳಿದ್ದು ನಿನ್ನನ್ನು:
"ಎಷ್ಟಕ್ಕೆ ಕೊಟ್ಟೆ ಅದನ್ನು?"
"ಇಪ್ಪತ್ತೊಂದು ಸಾವಿರ."
"ಇನ್ನೂ ಎರಡು ಬರುತ್ತಿತ್ತು" ಎಂದ.
ಅಲ್ಲಿಯವರೆಗೆ ಅಳದೆ ಇದ್ದವಳು
ಆಗ ಅತ್ತೆ.

ಮತ್ತೆ ಜೂನ್ ಬಂದಿದೆ ಬಿಹೊಗೊ.
ನಿನ್ನ ಹೊಸ ಮನೆ ಯಾವುದೋ, ಅಥವಾ
ಯಾರ ಮದುವೆಯ ಬಾಣಲೆಯೋ, ಕೇಳುವ ಧೈರ್ಯವಿಲ್ಲ.
ಬಾಳೆಸಾಲು ಯಾರದೆಂಬುದು ತೀರ್ಮಾನವಾಗಿಲ್ಲ;
ಗೊನೆ ಕಡಿದಾಗ ಮಾತ್ರ ಒಂದು ಚಿಪ್ಪು
ನಮ್ಮ ಹೊಸ್ತಿಲ ಮೇಲೆ ಇರುತ್ತದೆ.
ಬಗ್ಗಿದರೆ ಹೊಲಿಗೆ ಜಗ್ಗುವ ಗಸಾನಾ
ನಿನ್ನೆ ಗುಮಾಸ್ತನ ಸರದಿಯಲ್ಲಿ ನಿಂತಿದ್ದನಂತೆ,
ಬೆರಳು ಮಡಿಚಿ ಎಣಿಸುತ್ತ,
ಆರಕ್ಕೆ ಬಂದು ಮತ್ತೆ ಮೊದಲಿಂದ.

ಗೂಟ ಇನ್ನೂ ಅಲ್ಲೇ ಇದೆ.
ತೊಳೆದ ಡೋಲಿಯ ಹಗ್ಗ
ಅದಕ್ಕೆ ಸುತ್ತಿ ಒಣಹಾಕಿದ್ದಾನೆ.
ಈ ರಾತ್ರಿಯೂ ಎಡವಿದೆ.